ಭವ್ಯಾಳ ನಿನ್ನೆ ಬೆಳಿಗ್ಗೆ ಏಳಕ್ಕೆ ಮುಗಿಯುತ್ತದೆ

ಭವ್ಯಾಳ ಬಗ್ಗೆ ಬರೆಯಲು ನನಗಿಂತ ತಕ್ಕವರು ಸಿಗುವುದಿಲ್ಲ. ಅವಳನ್ನು ಇಷ್ಟಪಡುವವರು ಯಾರೂ ಅವಳನ್ನು ನನ್ನಷ್ಟು ಗಮನವಿಟ್ಟು ನೋಡಿಲ್ಲ. ಮೂರು ವರ್ಷ ಒಂದೇ ಕೋಣೆಯಲ್ಲಿ, ಆರಡಿ ದೂರದಲ್ಲಿ ಕೂತು, ಅವಳು ಬೆಳಿಗ್ಗೆ ಕೊಡೆ ಮಡಚಿ ಮೂಲೆಗೆ ಒರಗಿಸುವುದರಿಂದ ಹಿಡಿದು ಸಂಜೆ ಕಂಪ್ಯೂಟರ್ ಆರಿಸುವವರೆಗೆ ಎಲ್ಲವನ್ನೂ ಹೊಟ್ಟೆ ಉರಿಸಿಕೊಂಡು ನೋಡಿದ್ದೇನೆ. ಹೊಟ್ಟೆಕಿಚ್ಚು ಅಂತ ನೇರವಾಗಿಯೇ ಹೇಳುತ್ತೇನೆ. ಬೇರೆ ಮರ್ಯಾದಸ್ಥ ಹೆಸರು ಹುಡುಕಿ ನೋಡಿದೆ, ಯಾವುದೂ ಹೊಂದಲಿಲ್ಲ.

ನಾನು ಶಿಲ್ಪಾ. ಚಿಕ್ಕಮಗಳೂರಿನ ಎಂ.ಜಿ. ರೋಡಿನಲ್ಲಿ ನಮ್ಮಪ್ಪ ಬಸವರಾಜು ಅವರ ಹಾರ್ಡ್‌ವೇರ್ ಅಂಗಡಿ ಇದೆ. ಪೈಪು, ನಲ್ಲಿ, ಗುದ್ದಲಿ, ಎಸ್ಟೇಟಿನವರು ಮಳೆ ಅಳೆಯುವ ಗಾಜಿನ ಜಾಡಿ, ಎಲ್ಲ ಸಿಗುತ್ತದೆ. ಮೈಸೂರಿನಲ್ಲಿ ಸಂಖ್ಯಾಶಾಸ್ತ್ರದ ಎಂ.ಎಸ್ಸಿ. ಮುಗಿಸಿ ಊರಿಗೆ ಬಂದವಳು, ಕಾಫಿ ಬೆಳೆಗಾರರ ಒಂದು ಸಣ್ಣ ಸಂಘ ನಡೆಸುವ ಮಳೆ ಮಾಹಿತಿ ಕೇಂದ್ರಕ್ಕೆ ಸೇರಿದೆ. ಗುತ್ತಿಗೆ ಕೆಲಸ. ವರ್ಷಕ್ಕೊಮ್ಮೆ ಹೊಸ ಕಾಗದಕ್ಕೆ ಸಹಿ. ಹಾಗೆ ಹೋದ ವರ್ಷದ ಹೊತ್ತಿಗೆ ಒಂಬತ್ತು ಕಾಗದ ಆಗಿದ್ದವು. ಕೇಂದ್ರದ ಮುಖ್ಯಸ್ಥರು ವಿಶ್ವನಾಥ್ ಸರ್, ಕಾಲೇಜಿನಿಂದ ನಿವೃತ್ತರಾದ ಮೇಷ್ಟರು. "ಒಂದು ಹುದ್ದೆ ಕಾಯಂ ಮಾಡಿಸ್ತೀನಿ ಶಿಲ್ಪಾ, ಸ್ವಲ್ಪ ತಾಳಿ" ಅನ್ನುತ್ತಲೇ ಇದ್ದರು. ನಾನು ತಾಳುತ್ತಲೇ ಇದ್ದೆ.

ನಮ್ಮ ಕೆಲಸ ಹೇಳಿಬಿಡುತ್ತೇನೆ. ಪ್ರತಿ ಎಸ್ಟೇಟಿನಲ್ಲೂ ಒಂದು ಮಳೆ ಪುಸ್ತಕ ಇರುತ್ತದೆ. ದಿನಕ್ಕೊಂದು ಸಾಲು, ಆ ದಿನ ಎಷ್ಟು ಇಂಚು, ಇಂಚಿನ ನೂರನೇ ಪಾಲಿನ ಲೆಕ್ಕದಲ್ಲಿ ಎಷ್ಟು ಸೆಂಟು ಮಳೆ ಎಂದು ಎಸ್ಟೇಟಿನ ಗುಮಾಸ್ತರು, ಅಂದರೆ ರೈಟರ್, ಬರೆಯುತ್ತಾರೆ. ಅದೇ ಪುಸ್ತಕದ ಅಂಚಿನಲ್ಲಿ ಕಾಫಿ ಹೂ ಬಿಟ್ಟ ದಿನವನ್ನೂ ಗುರುತು ಹಾಕುತ್ತಾರೆ. ಬೇಸಿಗೆಯ ಮೊದಲ ಜೋರು ಮಳೆ, ನಾವು ಹೂಮಳೆ ಅನ್ನುವುದು, ಬಿದ್ದ ಮೇಲೆ ಎಷ್ಟನೇ ದಿನಕ್ಕೆ ಹೂ ಬಿಡುತ್ತದೆ ಅಂತ ಸರಿಯಾಗಿ ಗೊತ್ತಿದ್ದರೆ ಬೆಳೆಗಾರರಿಗೆ ಔಷಧಿ ಹೊಡೆಯುವುದು, ಸ್ಪ್ರಿಂಕ್ಲರ್ ಹಾಕುವುದು ಎಲ್ಲ ಹೊಂದಿಸಿಕೊಳ್ಳಲು ಅನುಕೂಲ. ನಲವತ್ಮೂರು ಎಸ್ಟೇಟಿನ ಇಪ್ಪತ್ತು ವರ್ಷದ ಪುಸ್ತಕಗಳನ್ನು ಕಂಪ್ಯೂಟರಿಗೆ ಹತ್ತಿಸಿ, ಆರ್ ಎಂಬ ಭಾಷೆಯಲ್ಲಿ ಪ್ರೋಗ್ರಾಂ ಬರೆದು ಆ ದಿನಗಳನ್ನು ಎಣಿಸುವುದು ನನ್ನ ಕೆಲಸ. ಆರು ಎಸ್ಟೇಟಿನಲ್ಲಿ ತಾನೇ ಮಳೆ ಅಳೆದು ಕಳಿಸುವ ಮೆಷಿನ್ ಕೂಡ ಇಟ್ಟಿದ್ದೆವು.

ಅಲ್ಲಿಗೆ ಮೂರು ವರ್ಷದ ಹಿಂದೆ ಬಂದಳು ಭವ್ಯಾ. ಮೂಡಿಗೆರೆ ಕಾಲೇಜಿನ ಬಿ.ಎಸ್ಸಿ., ಇಪ್ಪತ್ಮೂರು ವರ್ಷ, ಎಣ್ಣೆ ಹಾಕಿ ಬಿಗಿದ ಜಡೆ. ಪುಸ್ತಕ ನೋಡಿ ಟೈಪ್ ಮಾಡಲಿಕ್ಕೆ ಅಂತ ತೆಗೆದುಕೊಂಡಿದ್ದು. ಪ್ರೋಗ್ರಾಂ ಬರೆಯುವುದನ್ನು ಮೊಬೈಲಿನಲ್ಲಿ ಪುಕ್ಕಟೆ ಪಾಠ ನೋಡಿ ಕಲಿತಿದ್ದೇನೆ ಅಂದಳು. ನಾನು ಮೂಗು ಮುರಿದೆ.

ಮೂರನೇ ವಾರಕ್ಕೇ ನನ್ನ ಮೂಗು ತಗ್ಗಿತು. ಮೆಷಿನ್‌ಗಳು ಕಳಿಸುವ ಸಮಯ ನಮ್ಮ ಗಡಿಯಾರದ್ದಲ್ಲ, ಇಂಗ್ಲೆಂಡಿನ ಗ್ರೀನಿಚ್ಚಿನದು. ಐದೂವರೆ ಗಂಟೆ ಕೂಡಿಸಿದರೆ ನಮ್ಮದಾಗುತ್ತದೆ. ಅದನ್ನು ಪ್ರೋಗ್ರಾಮಿನಲ್ಲಿ ನಾನು ಮೊದಲ ದಿನವೇ ಮಾಡಿದ್ದೆ, ಹೆಮ್ಮೆಯಿಂದ. ಆದರೆ ಕೂಡಿಸಿದ ಸಮಯದಿಂದ ಬರೀ ತಾರೀಕು ಕೇಳಿದಾಗ, ನಮ್ಮ ಆಫೀಸಿನ ಹಳೆಯ ಆರ್, ಯಾವ ದೇಶದ ತಾರೀಕು ಅಂತ ಮತ್ತೊಮ್ಮೆ ಹೇಳದಿದ್ದರೆ, ಸದ್ದಿಲ್ಲದೆ ಗ್ರೀನಿಚ್ಚಿನ ತಾರೀಕನ್ನೇ ಕೊಟ್ಟುಬಿಡುತ್ತಿತ್ತು. ಗಂಟೆ ಚಿಕ್ಕಮಗಳೂರಿನದು, ತಾರೀಕು ಲಂಡನ್ನಿನದು. ನಡುರಾತ್ರಿಯಿಂದ ಬೆಳಗಿನ ಐದೂವರೆಯೊಳಗೆ ಬಿದ್ದ ಮಳೆಯೆಲ್ಲ ಹಿಂದಿನ ದಿನಕ್ಕೆ ಸೇರಿಕೊಳ್ಳುತ್ತಿತ್ತು. ವರ್ಷಾನುಗಟ್ಟಲೆ ಹಾಗೇ ನಡೆದಿತ್ತು.

"ಮೇಡಂ, ಹದಿನಾಲ್ಕನೇ ತಾರೀಕು ನಮ್ಮ ಜಾವಳಿ ಕಡೆ ಮಳೆನೇ ಇರ್ಲಿಲ್ಲ" ಅಂದಳು ಭವ್ಯಾ, ಪರದೆಗೆ ಬೆರಳು ತೋರಿಸಿ. "ಬಂದಿದ್ದು ಹದಿನೈದನೇ ತಾರೀಕು ಬೆಳಗಿನ ಜಾವ ಮೂರಕ್ಕೆ. ನಮ್ಮಮ್ಮ ಎದ್ದು ಅಂಗಳದಲ್ಲಿದ್ದ ಮೆಣಸು ಒಳಗೆ ತಂದಿದ್ರು, ಅದಕ್ಕೇ ನೆನಪು."

ಎಂ.ಎಸ್ಸಿ. ಮಾಡಿದವಳನ್ನು ಮೆಣಸು ಒಳಗೆ ತಂದ ತಾಯಿಯ ಸಾಕ್ಷಿ ಇಟ್ಟುಕೊಂಡು ತಿದ್ದಿದಳು. ಪ್ರೋಗ್ರಾಮಿನಲ್ಲಿ ಒಂದೇ ಒಂದು ಪದ ಸೇರಿಸಿದರೆ ಸರಿಹೋಯಿತು. ವಿಶ್ವನಾಥ್ ಸರ್ ಕೇಳಿಸಿಕೊಂಡು "ಭೇಷ್ ಮಾರಾಯ್ತಿ!" ಅಂದರು. ನನಗೆ ಆರು ವರ್ಷದಲ್ಲಿ ಅವರು ಒಂದು ಸಲವೂ ಮಾರಾಯ್ತಿ ಅಂದಿರಲಿಲ್ಲ. ಅವತ್ತು ನಾನು ಊಟದ ಡಬ್ಬಿ ತೆರೆಯದೆ ಮನೆಗೆ ವಾಪಸು ಒಯ್ದೆ.

ಆಮೇಲೆ ಅವಳ ಬದುಕನ್ನು ಕೆದಕಲು ಶುರು ಮಾಡಿದೆ. ಎಲ್ಲಾದರೂ ಒಂದು ಕೊರತೆ ಸಿಗಬಹುದು ಅಂತ. ಊಟದ ಹೊತ್ತಿಗೆ ಒಂದೊಂದೇ ಪ್ರಶ್ನೆ ಕೇಳುತ್ತಿದ್ದೆ. ಅವಳು ಅದನ್ನು ಅಕ್ಕರೆ ಅಂದುಕೊಂಡು ಎಲ್ಲ ಹೇಳುತ್ತಿದ್ದಳು.

ಹುಟ್ಟಿದ್ದು ಜಾವಳಿ ಹತ್ತಿರದ ಒಂದು ಎಸ್ಟೇಟಿನ ಲೈನ್ ಮನೆಯಲ್ಲಿ, ಕೆಲಸದಾಳುಗಳ ಸಾಲುಮನೆಯಲ್ಲಿ. ತಾಯಿ ಭಾಗಮ್ಮ ಕಾಫಿ ಹಣ್ಣು ಕೊಯ್ಯುವವರು. ತಂದೆ ಗುರುವಯ್ಯನವರು ಕೆಲಸದಾಳು, ಜೊತೆಗೆ ಇನ್ನೊಂದು ಜವಾಬ್ದಾರಿ: ದಿನಾ ಬೆಳಿಗ್ಗೆ ಏಳು ಗಂಟೆಗೆ, ಹಾಜರಿ ಕೂಗುವ ಮುಂಚೆ, ಮಳೆಮಾಪಕದ ನೀರನ್ನು ಜಾಡಿಗೆ ಹೊಯ್ದು ಎಷ್ಟಿದೆ ನೋಡಿ ರೈಟರಿಗೆ ಹೇಳುವುದು. ಅವರಿಗೆ ಓದು ಬರುತ್ತಿರಲಿಲ್ಲ, ಜಾಡಿಯ ಗೆರೆ ಮಾತ್ರ ಬರುತ್ತಿತ್ತು. ಕಣ್ಣು ಮಂಜಾಗಲು ಶುರುವಾದಾಗ ಆರು ವರ್ಷದ ಮಗಳನ್ನು ಜೊತೆಗೆ ಕರೆದುಕೊಂಡು ಹೋಗತೊಡಗಿದರು. ಮಗಳು ಗೆರೆ ಓದುವುದು, ಅಪ್ಪ ಹೋಗಿ ಹೇಳುವುದು. ಆ ಕೆಲಸ ಹೋದರೆ ಅಪ್ಪನಿಗೆ ಬೇಜಾರಾಗುತ್ತದೆ ಅಂತ ಅವಳು ಯಾರಿಗೂ ಬಾಯಿ ಬಿಡಲಿಲ್ಲವಂತೆ. ದಶಮಾಂಶ ಅಂದರೇನು ಅಂತ ಶಾಲೆಯಲ್ಲಿ ಹೇಳಿಕೊಡುವ ಹೊತ್ತಿಗೆ ಅವಳಿಗೆ ಇಂಚೂ ಸೆಂಟೂ ಬಾಯಿಪಾಠ ಆಗಿತ್ತು.

ಇದನ್ನು ಕೇಳಿ ನನಗೆ ಅಯ್ಯೋ ಅನಿಸಬೇಕಿತ್ತು. ಅನಿಸಿದ್ದು ಉರಿ. ನಮ್ಮ ಅಂಗಡಿಯಲ್ಲಿ ಆ ಜಾಡಿಗಳು ಡಜನ್‌ಗಟ್ಟಲೆ ಹುಲ್ಲಿನಲ್ಲಿ ಸುತ್ತಿ ಬಿದ್ದಿರುತ್ತಿದ್ದವು. ನಾನು ಒಂದರಲ್ಲೂ ಒಂದು ಹನಿ ನೀರು ಹೊಯ್ದು ನೋಡಿದವಳಲ್ಲ. ಮಳೆಯ ಲೆಕ್ಕ ಬರೆದು ಜೀವನ ಮಾಡುವವಳು ನಾನು, ಮಳೆ ಗೊತ್ತಿದ್ದವಳು ಅವಳು.

ಅವಳಿಗೆ ಇನ್ನೊಂದು ಚಾಳಿ ಇತ್ತು. ಯಾರಾದರೂ "ನಿನ್ನೆ" ಅಂದರೆ "ಯಾವ ಗಂಟೆಯಿಂದ ಯಾವ ಗಂಟೆವರೆಗೆ?" ಅನ್ನುವಳು. ಟೀ ತರುವ ಕೃಷ್ಣಮ್ಮ "ನಿನ್ನೆ ಎಷ್ಟು ಮಳೆ ಅಲ್ವಾ" ಅಂದರೂ ಅದೇ ಪ್ರಶ್ನೆ. ತಾರೀಕನ್ನು ಯಾವತ್ತೂ ಅಂಕಿಯಲ್ಲಿ ಬರೆಯುತ್ತಿರಲಿಲ್ಲ. ಮೂರು-ನಾಲ್ಕು ಅಂತ ಬರೆದರೆ ಮಾರ್ಚಿ ನಾಲ್ಕೋ ಏಪ್ರಿಲ್ ಮೂರೋ ಅಂತ ಮೆಷಿನ್ನಿಗೆ ಗೊತ್ತಾಗೋದಿಲ್ಲ ಅಂತ, ರಜೆ ಚೀಟಿಯಲ್ಲೂ ತಿಂಗಳ ಹೆಸರು ಪೂರ್ತಿ ಬರೆಯುವಳು. ವಿಶ್ವನಾಥ್ ಸರ್ ಅದನ್ನೇ ಎಲ್ಲರಿಗೂ ನಿಯಮ ಮಾಡಿದರು. ಆ ನಿಯಮವನ್ನು ನಾನು ಹಲ್ಲು ಕಚ್ಚಿಕೊಂಡು ಪಾಲಿಸಿದೆ.

ಹೀಗಿರುವಾಗ, ಹೋದ ಜನವರಿಯಲ್ಲಿ, ನನ್ನ ಕೈಗೆ ಒಂದು ದೊಡ್ಡ ಸಂಗತಿ ಸಿಕ್ಕಿತು. ಇಪ್ಪತ್ತು ವರ್ಷದ ಪುಸ್ತಕಗಳನ್ನು ಒಟ್ಟು ಹಾಕಿ ನೋಡಿದರೆ, ವಸ್ತಾರೆ ಕಡೆಯ ತೋಟಗಳಲ್ಲಿ ಅರೇಬಿಕಾ ಕಾಫಿ ಹೂಮಳೆಯ ಒಂಬತ್ತನೇ ದಿನಕ್ಕೆ ಹೂ ಬಿಡುತ್ತದೆ. ಜಾವಳಿ, ಕಳಸದ ಕಡೆ ಹತ್ತನೇ ದಿನಕ್ಕೆ. ಒಂದು ವರ್ಷ ಅಲ್ಲ, ಇಪ್ಪತ್ತು ವರ್ಷವೂ ಹಾಗೇ. ನಮ್ಮ ಪಟ್ಟಿಯಲ್ಲಿ ಈ ಎರಡು ಕಡೆಯವು ಎತ್ತರದ ತೋಟಗಳು. ಎತ್ತರ ಹೆಚ್ಚಾದರೆ ಚಳಿ ಹೆಚ್ಚು, ಮೊಗ್ಗು ನಿಧಾನ. "ಎತ್ತರದ ಒಂದು ದಿನ" ಅಂತ ಹೆಸರಿಟ್ಟೆ. ವಿಶ್ವನಾಥ್ ಸರ್ ನಾನು ಬಿಡಿಸಿದ ನಕ್ಷೆ ನೋಡಿ ಕನ್ನಡಕ ತೆಗೆದು ಒರೆಸಿಕೊಂಡರು.

"ಶಿಲ್ಪಾ, ಫೆಬ್ರವರಿ ಸಭೆಯಲ್ಲಿ ಇದನ್ನ ನೀವೇ ಹೇಳಿ. ಕಮಿಟಿಯವರೆಲ್ಲ ಬರ್ತಾರೆ. ಕಾಯಂ ಹುದ್ದೆ ಒಂದು ಮಂಜೂರಾಗಿದೆ. ನಿಮ್ಮಿಬ್ಬರಲ್ಲಿ ಯಾರಿಗೆ ಅಂತ ಅವತ್ತೇ ತೀರ್ಮಾನ ಮಾಡ್ತಾರೆ."

ನಿಮ್ಮಿಬ್ಬರಲ್ಲಿ ಅಂದರು. ಟೈಪ್ ಮಾಡಲು ಬಂದವಳು ಆ ಲೆಕ್ಕಕ್ಕೆ ಯಾವಾಗ ಬಂದಳು ಅಂತ ಕೇಳಬೇಕೆನಿಸಿತು. ಹೇಗಿದ್ದರೂ ನಕ್ಷೆ ನನ್ನದಿತ್ತು.

ಸಭೆಗೆ ನಾಲ್ಕು ದಿನ ಇರುವಾಗ, ಬೆಳಿಗ್ಗೆ ಆಫೀಸಿನ ಬಾಗಿಲು ತೆಗೆಯುತ್ತಿದ್ದ ಹಾಗೇ ಭವ್ಯಾ ನನ್ನ ಮೇಜಿನ ಹತ್ತಿರ ಬಂದು ನಿಂತಳು.

"ಮೇಡಂ, ಎತ್ತರದ ಒಂದು ದಿನ ಅಂದ್ರಲ್ಲ, ಅದು ಎತ್ತರದ್ದಲ್ಲ ಅನ್ನಿಸ್ತದೆ."

"ಮತ್ತೆ ಎಂತದ್ದು?"

"ಪುಸ್ತಕದ್ದು. ಬೆಳಿಗ್ಗೆ ಏಳಕ್ಕೆ ಅಳೆದ ಮಳೆನ ನಮ್ಮ ಕಡೆ ನಿನ್ನೆ ಲೈನಿಗೆ ಬರೀತಾರೆ. ಬಿದ್ದಿದ್ದು ನಿನ್ನೆ ಅಲ್ವಾ, ಅದಕ್ಕೆ. ವಸ್ತಾರೆ ಕಡೆ ಅಳೆದ ದಿನದ ಲೈನಿಗೇ ಬರೀತಾರೆ. ಅಲ್ಲಿನ ಮೂರು ಜನ ರೈಟರಿಗೆ ಫೋನ್ ಮಾಡಿ ಕೇಳಿದೆ. ಒಂದೇ ದಿನ ಸಂಜೆ ಎರಡೂ ಕಡೆ ಮಳೆ ಬಿದ್ರೂ ಪುಸ್ತಕದಲ್ಲಿ ಅವರದ್ದು ಒಂದು ದಿನ ತಡ. ಹೂ ಬಿಟ್ಟಿದ್ದನ್ನ ಮಾತ್ರ ಎಲ್ಲರೂ ಕಣ್ಣಾರೆ ನೋಡಿದ ದಿನಕ್ಕೇ ಬರೀತಾರೆ. ಹಂಗಾಗಿ ಎಣಿಸಿದ್ರೆ ಅವರಿಗೆ ಒಂಬತ್ತು, ನಮಗೆ ಹತ್ತು."

"ನಾನೂ ಅದನ್ನ ನೋಡಿದೀನಿ. ಸರಿ ಮಾಡ್ತಾ ಇದೀನಿ" ಅಂದೆ. ಹಸಿ ಸುಳ್ಳು.

"ಸರಿ ಮೇಡಂ" ಅಂದಳು. ಹೋಗಿ ತನ್ನ ಜಾಗದಲ್ಲಿ ಕೂತಳು.

ಮಧ್ಯಾಹ್ನದವರೆಗೆ ಅವಳ ಮಾತು ತಪ್ಪು ಅಂತ ತೋರಿಸಲು ಒದ್ದಾಡಿದೆ. ವಸ್ತಾರೆಯ ಮೆಷಿನ್ನಿನ ಮಳೆಯನ್ನು ಅದೇ ತೋಟದ ಪುಸ್ತಕದ ಪಕ್ಕ ಇಟ್ಟೆ. ಪುಸ್ತಕ ಸರಿಯಾಗಿ ಒಂದು ದಿನ ಹಿಂದುಳಿದಿತ್ತು. ಇದನ್ನು ನಾನು ಮುಂಚೆಯೇ ನೋಡಿದ್ದೆ, ನೋಡಿ ರೈಟರ್‌ಗಳ ಬೇಜವಾಬ್ದಾರಿ ಅಂತ ಪಕ್ಕಕ್ಕೆ ಸರಿಸಿದ್ದೆ. ಈಗ ವಸ್ತಾರೆ ಕಡೆಯ ಅಷ್ಟೂ ಮಳೆ ತಾರೀಕುಗಳನ್ನು ಒಂದು ದಿನ ಹಿಂದಕ್ಕೆ ತಳ್ಳಿ ಪ್ರೋಗ್ರಾಂ ಓಡಿಸಿದೆ. ಒಂಬತ್ತು ಹೋಗಿ ಎಲ್ಲ ಕಡೆ ಹತ್ತಾಯಿತು. ನನ್ನ ಎತ್ತರ, ನನ್ನ ಚಳಿ, ನನ್ನ ನಿಧಾನದ ಮೊಗ್ಗು, ಎಲ್ಲ ನೆಲ ಕಚ್ಚಿದವು. ಅತ್ತುಬಿಡುತ್ತಿದ್ದೆ, ಅವಳು ಎದುರಿಗೆ ಕೂತಿದ್ದಳು ಅಂತ ಅಳಲಿಲ್ಲ.

ಆಮೇಲೆ ನಾನು ಮಾಡಿದ್ದನ್ನು ಮುಚ್ಚಿಡುವುದಿಲ್ಲ. ಭಾಷಣವನ್ನು ಪೂರ್ತಿ ಬದಲಿಸಿದೆ. "ಮಳೆ ಪುಸ್ತಕದ ದಿನ ಎಲ್ಲಿ ಶುರುವಾಗುತ್ತದೆ" ಅಂತ ಹೊಸ ಶೀರ್ಷಿಕೆ. ಇಪ್ಪತ್ತು ವರ್ಷ ಯಾರೂ ಹಿಡಿಯದ ತಪ್ಪನ್ನು ಹೇಗೆ ಹಿಡಿದೆವು ಅಂತ ವಿವರಣೆ. ಹಿಡಿದೆವು ಅಂತ ಬಹುವಚನದಲ್ಲಿ ಬರೆದು, ಅಷ್ಟಕ್ಕೇ ನ್ಯಾಯ ಸಲ್ಲಿಸಿದೆ ಅಂದುಕೊಂಡೆ. ವಿಶ್ವನಾಥ್ ಸರ್ ಓದಿ, "ಇದು ಮೊದಲಿನದಕ್ಕಿಂತ ಗಟ್ಟಿ ಶಿಲ್ಪಾ" ಅಂದರು. ಭವ್ಯಾ ಆರಡಿ ದೂರದಲ್ಲಿ ಟೈಪ್ ಮಾಡುತ್ತಿದ್ದಳು. ಅವಳ ಬೆರಳು ನಿಲ್ಲಲಿಲ್ಲ.

ಅವಳು ಜಗಳವಾಡಿದ್ದರೆ ನನಗೆ ಸುಲಭವಿತ್ತು. ಮುಖ ಊದಿಸಿಕೊಂಡಿದ್ದರೂ ಸಾಕಿತ್ತು. ನಾಲ್ಕು ದಿನವೂ ಮಾಮೂಲಿನಂತೆ ಮೇಡಂ ಮೇಡಂ ಅಂದಳು, ಊರಿಂದ ತಂದ ಹಲಸಿನ ಹಪ್ಪಳ ಕೊಟ್ಟಳು. ಕೊಟ್ಟು ಸುಮ್ಮನಿರುವ ದೊಡ್ಡತನ ಇವಳಿಗೆ ಯಾರು ಕಲಿಸಿದರು ಅಂತ ನಾನು ಒಳಗೊಳಗೇ ಕುದ್ದೆ.

ಸಭೆ ಊರಿನ ಒಂದು ಹಾಲಿನಲ್ಲಿ ಬೆಳಿಗ್ಗೆ ಹನ್ನೊಂದಕ್ಕೆ. ಬೆಳೆಗಾರರು, ರೈಟರ್‌ಗಳು, ಮೇಸ್ತ್ರಿಗಳು, ಸುಮಾರು ನೂರು ಜನ. ಕಮಿಟಿಯವರು ಮುಂದಿನ ಸಾಲಿನಲ್ಲಿ. ಭವ್ಯಾ ಕೊನೆಯ ಸಾಲಿನಲ್ಲಿ ಬಾಗಿಲ ಪಕ್ಕ. ನಾನು ಚೆನ್ನಾಗಿಯೇ ಮಾತಾಡಿದೆ. ಪುಸ್ತಕದ ನಿನ್ನೆ, ಮೆಷಿನ್ನಿನ ನಿನ್ನೆ, ಗ್ರೀನಿಚ್ಚಿನ ನಿನ್ನೆ, ಮೂರೂ ಬೇರೆ ಬೇರೆ ಅಂದಾಗ ಜನ ನಕ್ಕರು. ಕೊನೆಗೆ ಚಪ್ಪಾಳೆಯೂ ಬಿತ್ತು. ಮುಂದಿನ ಸಾಲಿನಲ್ಲಿ ಒಬ್ಬರು ಪಕ್ಕದವರ ಕಿವಿಯಲ್ಲಿ ಏನೋ ಹೇಳಿ ನನ್ನ ಕಡೆ ತಲೆಯಾಡಿಸಿದರು. ಹುದ್ದೆ ಬಂತು ಅಂತ ನನಗೆ ಅಲ್ಲೇ ಗೊತ್ತಾಯಿತು.

ಆಗ ನಡುವಿನ ಸಾಲಿನಿಂದ ಒಬ್ಬರು ಹಿರಿಯರು ಎದ್ದು ನಿಂತರು. ಕಳಸದ ಕಡೆಯ ಎಸ್ಟೇಟೊಂದರಲ್ಲಿ ರೈಟರ್ ಆಗಿದ್ದ ಬಾಲರಾಜ್.

"ಮೇಡಂ, ನಾನು ನಲವತ್ತು ವರ್ಷ ಮಳೆ ಬುಕ್ ಬರ್ದವ್ನು. ಏಳು ಗಂಟೆದು ನಿನ್ನೆ ಲೈನಿಗೆ ಹೋಗ್ತದೆ ಅಂತ ಯಾವ ಆಫೀಸರೂ ನನ್ನ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ. ಕೈಯಾರೆ ಜಾಡಿಗೆ ನೀರು ಹೊಯ್ದವ್ರಿಗೆ ಬಿಟ್ರೆ ಇದು ತಿಳಿಯೋ ವಿಷಯ ಅಲ್ಲ. ನೀವು ಯಾವ ಎಸ್ಟೇಟಿನವ್ರು?"

"ನಾನು ಪೇಟೆಯವಳು. ಎಂ.ಜಿ. ರೋಡಿನ ಹಾರ್ಡ್‌ವೇರ್ ಅಂಗಡಿಯವರ ಮಗಳು."

"ಓ, ಬಸವರಾಜಣ್ಣನ ಮಗಳಾ! ಹಂಗಾರೆ ನಿಮಗೆ ಎಂತ ಮಾಡಿ ಗೊತ್ತಾಯ್ತು?"

ಅವರು ಪಟ್ಟು ಹಾಕಲಿಕ್ಕೆ ಕೇಳಿದ್ದಲ್ಲ. ಮುಖದ ತುಂಬ ಸಂತೋಷವಿತ್ತು. ಲೆಕ್ಕ ನೋಡುವಾಗ ಸಿಕ್ಕಿತು ಅಂದಿದ್ದರೆ ಮುಗಿದುಹೋಗುತ್ತಿತ್ತು. ಆ ವಾಕ್ಯ ನಾಲಿಗೆಯ ಮೇಲೇ ಇತ್ತು. ಕೊನೆಯ ಸಾಲಿನ ಕಡೆ ನೋಡಿದೆ. ಭವ್ಯಾ ತಲೆ ತಗ್ಗಿಸಿ ಕೂತಿದ್ದಳು.

ಆ ತಗ್ಗಿಸಿದ ತಲೆ ನೋಡಿ ನನ್ನ ಮೈಯೆಲ್ಲ ಉರಿಯಿತು. ಇವಳು ಸುಮ್ಮನಿರುತ್ತಾಳೆ. ಈ ಹುದ್ದೆಯನ್ನು ನಾನು ತೆಗೆದುಕೊಂಡರೆ ಅದು ಇವಳು ಕೊಟ್ಟದ್ದಾಗುತ್ತದೆ. ತಿಂಗಳು ತಿಂಗಳು ಸಂಬಳ ಬಂದಾಗ ಇವಳು ಕೊಟ್ಟದ್ದು. ನಿವೃತ್ತಿಯಾಗುವವರೆಗೆ ಆರಡಿ ದೂರದಲ್ಲಿ ಕೂತು ಮೇಡಂ ಅನ್ನುತ್ತಾಳೆ, ನಾನು ಅವಳ ಹಂಗಿನಲ್ಲಿ ಬದುಕಬೇಕು. ಕೆಲಸ ಹೋದರೆ ಹೋಗಲಿ, ಇವಳನ್ನು ಅಷ್ಟು ದೊಡ್ಡವಳಾಗಲು ಬಿಡುವುದಿಲ್ಲ ಅನಿಸಿತು.

"ನನಗೆ ಗೊತ್ತಾಗಲಿಲ್ಲ" ಅಂದೆ ಮೈಕಿನಲ್ಲಿ. "ನಾನು ತಪ್ಪು ಎಣಿಸಿ, ಅದಕ್ಕೆ ಎತ್ತರದ ಕಾರಣ ಕಟ್ಟಿದ್ದೆ. ಕಂಡುಹಿಡಿದವಳು ಭವ್ಯಾ. ಬಾಗಿಲ ಹತ್ತಿರ ಕೂತಿದ್ದಾಳೆ. ಜಾವಳಿಯ ಗುರುವಯ್ಯನವರ ಮಗಳು. ಜಾಡಿ ಹಿಡಿದವಳು ಅವಳು."

ಬಾಲರಾಜ್ ಅವರು ಹಿಂದೆ ತಿರುಗಿ, "ಗುರುವಯ್ಯನ ಮಗಳೇನಮ್ಮಾ! ಎದ್ ನಿಲ್ಲು, ನೋಡಾಣ" ಅಂದರು. ಜನವೆಲ್ಲ ತಿರುಗಿತು. ಮುಂದಿನ ಸಾಲಿನ ಕಮಿಟಿಯವರೂ ತಿರುಗಿದರು. ಅವರು ಮತ್ತೆ ನನ್ನ ಕಡೆ ತಿರುಗಲಿಲ್ಲ.

ಹುದ್ದೆ ಅವಳಿಗಾಯಿತು. ನನಗೆ ಸಿಕ್ಕಿದ್ದು ಹೊಗಳಿಕೆ. ಎಂಥ ದೊಡ್ಡ ಮನಸ್ಸು ಅಂದರು ವಿಶ್ವನಾಥ್ ಸರ್. ನಮ್ಮಪ್ಪನಿಗೆ ಅಂಗಡಿಗೆ ಬಂದವರೆಲ್ಲ ಹೇಳಿ ಹೋದರು. ಕೃಷ್ಣಮ್ಮ ನನ್ನ ಟೀಗೆ ಕೇಳದೆಯೇ ಏಲಕ್ಕಿ ಹಾಕಿದರು. ಆ ಹೊಗಳಿಕೆ ಗಂಟಲಿಗೆ ಸಿಕ್ಕ ಮೀನಿನ ಮುಳ್ಳಿನಂತೆ ಅತ್ತಲೂ ಇಲ್ಲ ಇತ್ತಲೂ ಇಲ್ಲ ಅನ್ನೋಣವೆಂದರೆ ನಾವು ಮೀನು ತಿನ್ನುವವರೂ ಅಲ್ಲ.

ಅವಳು ಹೊಸ ಹುದ್ದೆಗೆ ಸಹಿ ಹಾಕಿದ ದಿನ ಸಂಜೆ, ಇಬ್ಬರೇ ಮೆಟ್ಟಿಲಿಳಿಯುವಾಗ ಕೇಳಿದಳು.

"ಮೇಡಂ, ಬೇಜಾರು ಮಾಡ್ಕೋಬೇಡಿ. ಅವತ್ತು ಯಾಕೆ ನನ್ನ ಹೆಸರು ಹೇಳಿದ್ರಿ?"

ಸತ್ಯ ತಾನೇ ಅನ್ನಬಹುದಿತ್ತು. ಹೊಗಳಿಸಿಕೊಂಡು ಸಾಕಾಗಿತ್ತು.

"ಹೊಟ್ಟೆಕಿಚ್ಚಿಗೆ" ಅಂದೆ. "ನೀನು ಸುಮ್ಮನೆ ತಲೆ ತಗ್ಗಿಸಿ ಕೂತಿದ್ದೆಯಲ್ಲ, ಅದನ್ನ ಸಹಿಸೋಕಾಗಲಿಲ್ಲ. ಬಿಟ್ಟುಕೊಟ್ಟು ದೊಡ್ಡವಳಾಗ್ತೀಯಾ ಅಂತ."

ಅವಳು ಮೆಟ್ಟಿಲ ಮೇಲೇ ನಿಂತುಬಿಟ್ಟಳು.

"ಎಂತ ಬಿಟ್ಟುಕೊಡೋದು ಮೇಡಂ! ಚಪ್ಪಲಿ ಹುಡುಕ್ತಾ ಇದ್ದೆ. ಕುರ್ಚಿ ಕೆಳಗೆ ಬಿಟ್ಟಿದ್ದೆ, ಒಂದು ಮುಂದಿನವರ ಕಾಲಿನ ಹತ್ತಿರ ಹೋಗಿತ್ತು. ಅದು ಸಿಕ್ಕಿದ ಕೂಡ್ಲೇ ಎದ್ದು, ಇದು ಮೇಡಂ ಹುಡುಕಿದ್ದಲ್ಲ, ನಾನು ಹುಡುಕಿದ್ದು ಅಂತ ಹೇಳೋದಿತ್ತು. ನಾಲ್ಕು ದಿನದಿಂದ ಅದೇ ಮಾತು ಬಾಯಿಪಾಠ ಮಾಡ್ಕೊಂಡಿದ್ದೆ. ಮೂರು ವರ್ಷ ನಿಮ್ಮನ್ನ ನೋಡಿ ನನಗೆ ಎಷ್ಟು ಉರಿದಿದೆ ಗೊತ್ತಾ ನಿಮಗೆ? ನಿಮ್ಮ ಇಂಗ್ಲಿಷು, ನಿಮ್ಮ ಎಂ.ಎಸ್ಸಿ., ಮಳೆ ಬಂದ್ರೆ ಕೆಳಗೆ ಕಾರು ತಂದು ನಿಲ್ಲೋ ನಿಮ್ಮಪ್ಪ. ಆ ಕಿಟಕಿ ಪಕ್ಕದ ಮೇಜು ಕೂಡ."

ಒಂಬತ್ತು ವರ್ಷ ಕಾದ ಹುದ್ದೆಯನ್ನು ಕೊಟ್ಟು, ಅವಳಲ್ಲಿ ಇಲ್ಲವೇ ಇಲ್ಲದ ದೊಡ್ಡತನವನ್ನು ಅವಳಿಂದ ಕಿತ್ತುಕೊಂಡಿದ್ದೆ. ಸುಮ್ಮನಿದ್ದಿದ್ದರೂ ಇನ್ನೊಂದು ನಿಮಿಷಕ್ಕೆ ಚಪ್ಪಲಿ ಸಿಗುತ್ತಿತ್ತು, ಹುದ್ದೆಯ ಜೊತೆ ಮಾನವೂ ಹೋಗುತ್ತಿತ್ತು. ನಗು ಬಂತು. ಅವಳಿಗೂ ಬಂತು. ಮೂರು ವರ್ಷದಲ್ಲಿ ಒಟ್ಟಿಗೆ ನಕ್ಕಿದ್ದು ಅದೇ ಮೊದಲು.

ನನ್ನ ಹತ್ತನೇ ಕಾಗದ ಇನ್ನೂ ಹತ್ತು ತಿಂಗಳು ನಡೆಯುತ್ತದೆ. ಭವ್ಯಾ ಈಗ ಕಾಯಂ, ನನಗಿಂತ ಮೇಲಿನವಳು. ಮೇಡಂ ಅನ್ನುವುದನ್ನು ಬಿಟ್ಟು ಶಿಲ್ಪಕ್ಕ ಅನ್ನುತ್ತಾಳೆ. ಕಿಟಕಿ ಪಕ್ಕದ ಮೇಜು ತನಗೆ ಬೇಕು ಅಂತ ಎರಡು ಸಲ ಕೇಳಿದ್ದಾಳೆ. ನಾನು ಕೊಡುವುದಿಲ್ಲ.